ಮಗನಿಗೊಂದು ಮನೆ ಹುಡುಕಿದ ಅಮ್ಮ

ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದಾಗ ಆಟಿಸಂ ವೈದ್ಯರ ಕಣ್ಣಿಗೆ ಬಿತ್ತು. ಮಾತು, ಇತರರೊಂದಿಗೆ ಬೆರೆಯುವುದು ಕಷ್ಟವಾಗುವ, ಹುಟ್ಟಿನಿಂದಲೇ ಇರುವ ಸ್ಥಿತಿ ಅದು. ಆದರೆ ಅಮ್ಮ ಪ್ರೀತಿ ತೋರಿಸಲಿಲ್ಲ, ಅದಕ್ಕೇ ಮಗು ಹೀಗಾಯಿತು ಎಂದು ತಜ್ಞರೇ ವರ್ಷಗಟ್ಟಲೆ ಹೇಳಿದರು. ಎಂಥಾ ಕ್ರೂರ ಮಾತು ಅಲ್ವಾ? ಅದನ್ನು ಸುಳ್ಳು ಮಾಡಲು ಹೆತ್ತವರೇ ಮುಂದೆ ಬರಬೇಕಾಯಿತು. 1962ರಲ್ಲಿ ಲಂಡನ್ನಿನಲ್ಲಿ ಪೋಷಕರು ಸೇರಿ ಸಂಘ ಕಟ್ಟಿದರು. ಸ್ವತಃ ಮನೋವೈದ್ಯೆಯಾಗಿದ್ದ ಲೋರ್ನಾ ವಿಂಗ್ ಅವರಲ್ಲೊಬ್ಬರು. ಅವರ ಮಗಳಿಗೂ ಆಟಿಸಂ ಇತ್ತು.

ಅದೇ ವರ್ಷ ಇಂಗ್ಲೆಂಡಿನಲ್ಲಿ ಸ್ಟೆಫನಿ ಶರ್ಲಿ ಎಂಬಾಕೆ 6 ಪೌಂಡ್ ಬಂಡವಾಳದಲ್ಲಿ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದರು. ನಾಜಿಗಳಿಂದ ತಪ್ಪಿಸಿಕೊಂಡು ಐದನೇ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಬಂದಿದ್ದ ಯಹೂದಿ ಹುಡುಗಿ ಆಕೆ. ಮನೆಯಿಂದಲೇ ಕೆಲಸ ಮಾಡುವ ಹೆಂಗಸರೇ ಕಂಪನಿಯ ಬಲ. 1963ರಲ್ಲಿ ಮಗ ಜೈಲ್ಸ್ ಹುಟ್ಟಿದ. ಗ್ರಾಹಕರ ಫೋನ್ ಬಂದರೆ ಮಗುವಿನ ಸದ್ದು ಕೇಳಿಸದಿರಲೆಂದು ಟೈಪ್‌ರೈಟರ್ ಸದ್ದು ರೆಕಾರ್ಡ್ ಮಾಡಿದ್ದ ಟೇಪ್ ಹಾಕುತ್ತಿದ್ದರು.

ಎರಡೂವರೆ ವರ್ಷಕ್ಕೆ ಜೈಲ್ಸ್‌ಗೆ ಬರುತ್ತಿದ್ದ ನಾಲ್ಕು ಮಾತೂ ನಿಂತುಹೋಯಿತು. ಮತ್ತೆ ಬರಲೇ ಇಲ್ಲ. ಅವನಿಗೂ ಆಟಿಸಂ ಇತ್ತು. ದೊಡ್ಡವನಾಗುತ್ತಾ ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವಾಗಿ, ಹನ್ನೊಂದು ವರ್ಷ ಆಸ್ಪತ್ರೆಯಲ್ಲಿ ಇರಬೇಕಾಯಿತು. ಅವನಿಗೆ ಬೇಕಿದ್ದದ್ದು ವಾರ್ಡ್ ಅಲ್ಲ, ತನ್ನದೇ ಮನೆ, ಜೊತೆಗೆ ನೋಡಿಕೊಳ್ಳುವ ಜನ. ಅದು ಎಲ್ಲೂ ಸಿಗದಾಗ ಶರ್ಲಿ ತಾವೇ ಮಾಡಿಸಿದರು. ಅದರಿಂದಲೇ ಕಿಂಗ್‌ವುಡ್ ಸಂಸ್ಥೆ ಬೆಳೆಯಿತು, ಅದರ ಮೊದಲ ನಿವಾಸಿ ಜೈಲ್ಸ್.

1998ರಲ್ಲಿ ಮೂರ್ಛೆ ಬಂದು ಜೈಲ್ಸ್ ತೀರಿಕೊಂಡ. ಅವನಿಗೆ 35 ವರ್ಷ. ಮಗನೇ ಇಲ್ಲದ ಮೇಲೂ ಶರ್ಲಿ ಕೈಬಿಡಲಿಲ್ಲ. ಮರುವರ್ಷ ಬರ್ಕ್‌ಶೈರ್‌ನಲ್ಲಿ ಆಟಿಸಂ ಇರುವ ಮಕ್ಕಳಿಗಾಗಿ ಆಕೆ ಕಟ್ಟಿದ ಪ್ರಯರ್ಸ್ ಕೋರ್ಟ್ ವಸತಿ ಶಾಲೆ ತೆರೆಯಿತು. ಆಮೇಲೆ ಸಂಶೋಧನೆಗೆಂದೇ ಆಟಿಸ್ಟಿಕಾ ಎಂಬ ಸಂಸ್ಥೆ ಬಂತು. ಕಂಪನಿಯಿಂದ ಬಂದ ಸಂಪತ್ತಿನಲ್ಲಿ 6 ಕೋಟಿ ಪೌಂಡಿಗೂ ಜಾಸ್ತಿ ದಾನ ಮಾಡಿ, 2025ರಲ್ಲಿ ಆಕೆ ತೀರಿಕೊಂಡರು. ಆ ಮೊತ್ತಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಆಕೆ ಹಿಡಿದ ದಾರಿ. ಮೊದಲು ಮನೆ, ಆಮೇಲೆ ಶಾಲೆ, ಆಮೇಲೆ ಸಂಶೋಧನೆ. ಮಗನ ಜೊತೆ ಬದುಕಿ ಕಂಡ ಕೊರತೆಯನ್ನೇ ಆಕೆ ಒಂದೊಂದಾಗಿ ತುಂಬುತ್ತಾ ಹೋದರು.

ನಮ್ಮಲ್ಲೂ ದಾರಿ ಮಾಡಿದವರು ಹೆತ್ತವರೇ. ದೆಹಲಿಯ ಆಕ್ಷನ್ ಫಾರ್ ಆಟಿಸಂ ಸಂಸ್ಥೆ ಕಟ್ಟಿದ ಮೆರ್ರಿ ಬರುವಾ ಅವರ ಮಗನಿಗೆ ಆಟಿಸಂ ಇದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಅದನ್ನು ಸೇರಿಸಿತು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲೂ ಅದಕ್ಕೆ ಜಾಗ ಸಿಕ್ಕಿತು. ಆದರೂ "ನಾವು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ತಾರೆ?" ಎಂದು ಕೇಳುವ ಅಪ್ಪ ಅಮ್ಮಂದಿರಿಗೆ ತೋರಿಸಲು ಕಿಂಗ್‌ವುಡ್‌ನಂಥ ಮನೆಗಳು ಇಲ್ಲಿ ತೀರಾ ಕಡಿಮೆ.