ಪಾಸ್, ರೆಫರ್, ಬೆರಾ: ಹಸುಗೂಸಿನ ಕಿವಿ ಪರೀಕ್ಷೆ ಇಷ್ಟು ಗೋಜಲಾಗಿದ್ದು ಹೇಗೆ?

ಮೈಸೂರು, ಮಂಡ್ಯ ಕಡೆ ಹೆರಿಗೆ ಮುಗಿಸಿ ಆಸ್ಪತ್ರೆಯಿಂದ ಹೊರಡುವ ಬಾಣಂತಿಯ ಫೈಲಿನಲ್ಲಿ ಈಗ ಎಷ್ಟೋ ಸಲ ಒಂದು ಪುಟ್ಟ ಚೀಟಿ ಇರುತ್ತದೆ. ಎಡಗಿವಿ ಪಾಸ್, ಬಲಗಿವಿ ರೆಫರ್, ಅಂದರೆ ಆ ಕಿವಿಯನ್ನು ಇನ್ನೊಮ್ಮೆ ನೋಡಿಸಬೇಕು. ಕೆಲವು ಚೀಟಿಗಳಲ್ಲಿ ಓಎಇ ಅಂತ ಬರೆದಿರುತ್ತದೆ, ಕೆಲವುಗಳಲ್ಲಿ ಎಎಬಿಆರ್. ಇನ್ನು ಕೆಲವರಿಗೆ ಚೀಟಿಯೇ ಇಲ್ಲ, "ಮೂರು ತಿಂಗಳಿಗೆ ಬೆರಾ ಮಾಡಿಸಿ" ಅನ್ನುವ ಬಾಯಿಮಾತು ಅಷ್ಟೇ. ಓಎಇ, ಎಎಬಿಆರ್, ಬೆರಾ ಎಲ್ಲವೂ ಬೇರೆ ಬೇರೆ ಬಗೆಯ ಕಿವಿ ಪರೀಕ್ಷೆಗಳು. ಪಕ್ಕದ ಮಂಚದ ಮಗುವಿಗೆ ಯಾವ ಪರೀಕ್ಷೆಯೂ ಆಗಿರುವುದಿಲ್ಲ. ರೆಫರ್ ಆದ ಮಗು ವಾರ ಬಿಟ್ಟು ಇನ್ನೊಂದು ಕಡೆ ಪಾಸ್ ಆಗುತ್ತದೆ. ಪಾಸ್ ಆದ ಮಗು ಎರಡು ವರ್ಷವಾದರೂ ಮಾತು ಕಲಿಯುವುದಿಲ್ಲ. ಹಾಗಾದರೆ ಈ ಮಿಷನ್‌ಗಳನ್ನು ನಂಬುವುದಾ, ಬಿಡುವುದಾ?

ನಂಬಬಹುದು. ಆದರೆ ಯಾವ ಮಿಷನ್ ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಅನ್ನುವುದು ಗೊತ್ತಿರಬೇಕು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು, 1929ರಲ್ಲಿ ಪ್ರಕಟಿಸಿದರು. ಶಬ್ದ ಕಿವಿಗೆ ಬಿದ್ದಾಗ ಆ ಅಲೆಯಲ್ಲಿ ಬದಲಾವಣೆ ಕಾಣುತ್ತದೆ ಅಂತ 1939ರಲ್ಲಿ ಅಮೆರಿಕದ ಪಾಲಿನ್ ಡೇವಿಸ್ ತೋರಿಸಿದರು. ಅಲ್ಲಿಗೆ ಕಿವಿ ಪರೀಕ್ಷೆಯ ಸಮಸ್ಯೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಮೆದುಳಿನ ಮಾಮೂಲಿ ಅಲೆಗಳು ಹತ್ತಾರು ಮೈಕ್ರೋವೋಲ್ಟ್ ಇರುತ್ತವೆ. ಕಿವಿಯ ನರದಿಂದ ಮೆದುಳಿನ ಬುಡದವರೆಗೆ ಶಬ್ದ ಸಾಗುವಾಗ ಏಳುವ ಅಲೆ ಒಂದು ಮೈಕ್ರೋವೋಲ್ಟ್ ಕೂಡ ಇರುವುದಿಲ್ಲ. ಜೊತೆಗೆ ಮಗು ತುಟಿ ಆಡಿಸಿದರೆ ಸ್ನಾಯುವಿನ ವಿದ್ಯುತ್ತು. ಗೋಡೆಯೊಳಗಿನ ವೈರಿನಿಂದ 50 ಹರ್ಟ್ಸ್ ಗುಂಯ್‌ಗುಡುವಿಕೆ.

ಇದರಿಂದ ಪಾರಾಗಲು ಸಿಕ್ಕ ಉಪಾಯ ಸರಾಸರಿ. ದೇವರಾಜ ಮಾರುಕಟ್ಟೆಯ ಸಂಜೆ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದರೆ ಒಂದು ಸಲಕ್ಕೆ ಏನೂ ಗೊತ್ತಾಗುವುದಿಲ್ಲ. ಅದೇ ಮಾತನ್ನು ಅದೇ ಗತಿಯಲ್ಲಿ ಸಾವಿರಾರು ಸಲ ಹೇಳಿಸಿ, ಎಲ್ಲ ರೆಕಾರ್ಡಿಂಗನ್ನೂ ಒಂದರ ಮೇಲೊಂದು ಕೂಡಿಸಿದರೆ ಗದ್ದಲ ತನ್ನನ್ನು ತಾನೇ ಹೊಡೆದುಹಾಕುತ್ತದೆ, ಪಿಸುಮಾತು ಉಳಿಯುತ್ತದೆ. ಲಂಡನ್ನಿನ ಜಾರ್ಜ್ ಡಾಸನ್ 1950ರ ದಶಕದ ಶುರುವಿನಲ್ಲಿ ಇದನ್ನು ಮಾಡುವ ಯಂತ್ರ ಕಟ್ಟಿದರು. ಎಷ್ಟು ಸಲ ಕೂಡಿಸುತ್ತೀವೋ ಅದರ ವರ್ಗಮೂಲದಷ್ಟು ಪಟ್ಟು ಗದ್ದಲ ಇಳಿಯುತ್ತದೆ. 2000 ಸಲ ಕೂಡಿಸಿದರೆ ಸುಮಾರು 45 ಪಟ್ಟು.

1971ರಲ್ಲಿ ಜೂವೆಟ್ ಮತ್ತು ವಿಲ್ಲಿಸ್ಟನ್ ಈ ರೀತಿ ಸಿಕ್ಕ ಅಲೆಗಳಿಗೆ ರೋಮನ್ ಅಂಕಿ ಕೊಟ್ಟರು. ಟಿಕ್ ಅಂತ ಒಂದು ಸದ್ದು ಕೊಟ್ಟ 10 ಮಿಲಿಸೆಕೆಂಡಿನೊಳಗೆ ಎಲ್ಲವೂ ಮುಗಿದುಹೋಗುತ್ತದೆ. ಐದನೆಯ ಅಲೆ ಮುಖ್ಯ. ಸದ್ದನ್ನು ಇಳಿಸುತ್ತಾ ಹೋದಾಗ ಕೊನೆಯವರೆಗೆ ಉಳಿಯುವುದು ಅದೇ. ಮಗು ನಿದ್ದೆಯಲ್ಲಿದ್ದರೂ ಬರುತ್ತದೆ, ನಿಜ ಹೇಳಬೇಕೆಂದರೆ ನಿದ್ದೆಯಲ್ಲಿದ್ದರೇ ಚೆನ್ನ. ನಮ್ಮ ಕಡೆ ಎಲ್ಲರೂ ಬೆರಾ ಅನ್ನುವುದು ಇದಕ್ಕೇ.

ಇದೆಲ್ಲ ಪ್ರಯೋಗಾಲಯದಲ್ಲಿ ನಡೆಯುವ ಹೊತ್ತಿಗೆ ಮೈಸೂರಿನಲ್ಲಿ ಒಂದು ಸಂಸ್ಥೆ ಹುಟ್ಟಿತ್ತು. 1965ರಲ್ಲಿ ಕೇಂದ್ರ ಸರ್ಕಾರ ಇಲ್ಲಿ ಲೋಗೊಪೆಡಿಕ್ಸ್ ಸಂಸ್ಥೆ ಅಂತ ಶುರುಮಾಡಿತು. ಜಯಚಾಮರಾಜ ಒಡೆಯರ್ ಮಾನಸಗಂಗೋತ್ರಿಯಲ್ಲಿ ಜಾಗ ಕೊಟ್ಟರು. 1966ರಲ್ಲಿ ರಾಷ್ಟ್ರಪತಿ ರಾಧಾಕೃಷ್ಣನ್ ಶಂಕುಸ್ಥಾಪನೆ ಮಾಡಿದರು. ಇವತ್ತಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದೇ. ಪೇಪರಿನವರು ಆಯಿಷ್ ಅನ್ನುತ್ತಾರೆ, ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಸಾಕು. ಹಾಗಾಗಿ ಈ ವಿಷಯದಲ್ಲಿ ಮೈಸೂರು ಸೀಮೆಯ ಜನ ಬೇರೆ ಕಡೆಯವರಿಗಿಂತ ಅದೃಷ್ಟವಂತರು. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬರುವ ಜಾಗ ನಮಗೆ ಸಿಟಿ ಬಸ್ಸಿನ ದೂರ.

ಆ ಕಾಲದಲ್ಲಿ ಹಸುಗೂಸಿನ ಕಿವಿ ನೋಡುತ್ತಿದ್ದದ್ದು ಚಪ್ಪಾಳೆ, ಗಿಲಕಿ, ಗಂಟೆಯಿಂದ. ಮಗು ಬೆಚ್ಚಿತಾ, ಕಣ್ಣು ಮಿಟುಕಿಸಿತಾ ಅಂತ ನೋಡುವುದು. ಪಾಶ್ಚಾತ್ಯರದ್ದೂ ಇದೇ ಪಾಡು. 1970ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ತೊಟ್ಟಿಲಿನ ಕೆಳಗೆ ಅಲುಗಾಟ ಅಳೆಯುವ ಸಾಧನ ಇಟ್ಟು, ಸದ್ದಿಗೆ ಮಗು ಅಲುಗಿತೇ ಅಂತ ನೋಡುವ 'ಕ್ರಿಬ್-ಓ-ಗ್ರಾಮ್' ಮಾಡಿದ್ದರು. ಐಡಿಯಾ ಚೆನ್ನಾಗಿತ್ತು. ಏನು ಮಾಡುವುದು, ಮಕ್ಕಳು ಸದ್ದಿಲ್ಲದೆಯೂ ಅಲುಗುತ್ತಾರೆ.

ಇನ್ನೊಂದು ದಾರಿ ಪಟ್ಟಿ ಹಿಡಿದು ಕೇಳುವುದು. ಮಗು ದಿನ ತುಂಬದೆ ಹುಟ್ಟಿತಾ? ಕಾಮಾಲೆ ಜಾಸ್ತಿ ಆಗಿತ್ತಾ? ಮನೆಯಲ್ಲಿ ಕಿವಿ ಕೇಳದವರು ಇದ್ದಾರಾ? ರಕ್ತಸಂಬಂಧದ ಮದುವೆಯಾ? ಕೊನೆಯ ಪ್ರಶ್ನೆಗೆ ನಮ್ಮ ಕಡೆ ಹೌದು ಅನ್ನುವವರು ಕಡಿಮೆ ಏನಿಲ್ಲ. ಅಕ್ಕನ ಮಗಳು, ಸೋದರತ್ತೆಯ ಮಗ, ಗೊತ್ತಿರುವ ವಿಷಯವೇ. ಹುಟ್ಟು ಕಿವುಡಿಗೂ ಜಿಬಿಜೆ2 ಅನ್ನುವ ಜೀನ್‌ಗೂ ಇರುವ ನಂಟು 1997ರಲ್ಲಿ ಪತ್ತೆಯಾಯಿತು. ಆ ಜೀನಿನ ದೋಷವಿರುವ ಒಂದೊಂದು ಪ್ರತಿ ಅಪ್ಪ, ಅಮ್ಮ ಇಬ್ಬರಲ್ಲೂ ಇದ್ದರೆ ಇಬ್ಬರಿಗೂ ಕಿವಿ ಸರಿ ಇರುತ್ತದೆ, ಮಗುವಿಗೆ ಎರಡೂ ಬಂದರೆ ಕೇಳುವುದಿಲ್ಲ. ಆದರೆ ಪಟ್ಟಿ ನಂಬಿ ಕೂತರೆ ಹುಟ್ಟು ಕಿವುಡಿರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ತಪ್ಪಿಹೋಗುತ್ತಾರೆ. ಅವರಿಗೆ ಪಟ್ಟಿಯಲ್ಲಿರುವ ಯಾವ ತೊಂದರೆಯೂ ಇರುವುದಿಲ್ಲ. ಎಲ್ಲ ಮಕ್ಕಳಿಗೂ ಪರೀಕ್ಷೆ ಆಗಬೇಕು ಅನ್ನುವ ಮಾತು ಬಂದದ್ದು ಇಲ್ಲಿಂದಲೇ. ಆದರೆ ಹುಟ್ಟಿದ ಪ್ರತಿ ಮಗುವಿಗೂ ಬೆರಾ ಮಾಡುತ್ತಾ ಕೂರಲು ಯಾರಿಗೆ ಪುರುಸೊತ್ತಿದೆ?

ಉತ್ತರ ಬಂದದ್ದು ಕಿವಿಯ ಗಣಿತದ ಮಾದರಿಯ ಜಗಳದಿಂದ. ಗೆಯಾರ್ಗ್ ಫಾನ್ ಬೇಕೆಶಿ ಒಳಗಿವಿಯ ಸುರುಳಿಯಲ್ಲಿ ಶಬ್ದದ ಅಲೆ ಹೇಗೆ ಸಾಗುತ್ತದೆ ಅಂತ ತೋರಿಸಿ 1961ರಲ್ಲಿ ನೊಬೆಲ್ ಪಡೆದರು. ಅವರು ಹೆಚ್ಚಾಗಿ ನೋಡಿದ್ದು ಶವಗಳ ಕಿವಿಯನ್ನು. ಆ ಮಾದರಿಯ ಪ್ರಕಾರ ಒಳಗಿವಿ ಸುಮ್ನೆ ಅಲುಗಾಡುವ ಭಾಗ, ಅಷ್ಟೇ. ಥಾಮಸ್ ಗೋಲ್ಡ್ 1948ರಲ್ಲೇ ಇದನ್ನು ಒಪ್ಪಿರಲಿಲ್ಲ. ದ್ರವದಲ್ಲಿ ಮುಳುಗಿರುವ ಪೊರೆ ಇಷ್ಟು ಸೂಕ್ಷ್ಮವಾಗಿ ಸದ್ದು ಬೇರ್ಪಡಿಸಬೇಕಾದರೆ ಕಿವಿಯೇ ಶಕ್ತಿ ಸೇರಿಸುತ್ತಿರಬೇಕು, ಹಾಗಿದ್ದರೆ ಕಿವಿಯಿಂದ ಸದ್ದು ಹೊರಗೂ ಬರಬೇಕು ಅಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತು ವರ್ಷ ಕಳೆದು, 1978ರಲ್ಲಿ, ಲಂಡನ್ನಿನ ಡೇವಿಡ್ ಕೆಂಪ್ ಕಿವಿಯೊಳಗೆ ಪುಟ್ಟ ಮೈಕ್ ಇಟ್ಟು ಆ ಸದ್ದನ್ನು ಹಿಡಿದರು. 1985ರಲ್ಲಿ ವಿಲಿಯಂ ಬ್ರೌನೆಲ್ ತಂಡ ಕಾರಣವನ್ನೂ ತೋರಿಸಿತು. ಒಳಗಿವಿಯ ಹೊರಸಾಲಿನ ರೋಮಕೋಶಗಳು ವಿದ್ಯುತ್ತಿಗೆ ತಕ್ಕಂತೆ ಕುಗ್ಗುತ್ತವೆ, ಹಿಗ್ಗುತ್ತವೆ.

ಓಎಇ ಮಿಷನ್ ಕೇಳುವುದು ಈ ಸದ್ದನ್ನು. ಮೃದುವಾದ ತುದಿಯೊಂದನ್ನು ಮಗುವಿನ ಕಿವಿಗೆ ಇಟ್ಟರೆ ಎಲ್ಲ ಸರಿ ಇದ್ದಾಗ ಒಂದೆರಡು ನಿಮಿಷದ ಕೆಲಸ. ತಲೆಗೆ ಎಲೆಕ್ಟ್ರೋಡ್ ಅಂಟಿಸಬೇಕಿಲ್ಲ. ಎಎಬಿಆರ್ ಅಂದರೆ ಬೆರಾದ ಅವಸರದ ತಮ್ಮ. ಅದು ಸಾಮಾನ್ಯವಾಗಿ 35 ಡೆಸಿಬೆಲ್‌ನಷ್ಟು ಮೆತ್ತಗಿನ ಸದ್ದು ಕೊಟ್ಟು, ಬಂದ ಅಲೆಯನ್ನು ಚೆನ್ನಾಗಿ ಕೇಳುವ ಮಕ್ಕಳ ಅಲೆಯ ಮಾದರಿಗೆ ತಾನೇ ಹೋಲಿಸಿ, ಪಾಸ್ ಅಥವಾ ರೆಫರ್ ಅನ್ನುತ್ತದೆ. ಅಲೆ ಓದಲು ಬರುವವರು ಬೇಕಿಲ್ಲ. ಇದು ಅನುಕೂಲವೂ ಹೌದು, ತೊಡಕೂ ಹೌದು. ಯಾಕೆ ರೆಫರ್ ಆಯಿತು ಅಂತ ಚೀಟಿ ಹೇಳುವುದಿಲ್ಲ.

ಕಾರಣಗಳು ಬಹಳ. ಹುಟ್ಟಿದ ಮೊದಲ ದಿನ ಮಗುವಿನ ಕಿವಿಯಲ್ಲಿ ಗರ್ಭದ ಬಿಳಿ ಮೇಣ, ನೀರು ಇರುತ್ತದೆ. ಓಎಇ ಸದ್ದು ಅದನ್ನು ದಾಟಿ ಹೊರಗೆ ಬರುವುದಿಲ್ಲ. ಒಂದೆರಡು ದಿನ ಕಾದರೆ ಬರುತ್ತದೆ. ಆದರೆ ಸಹಜ ಹೆರಿಗೆಯಾದವರು ಬೇಗ ಮನೆಗೆ ಹೋಗುತ್ತಾರೆ. ಸಿಸೇರಿಯನ್ ಆದವರ ಮಕ್ಕಳಿಗೆ ಕಾಯುವ ಅವಕಾಶ ಸಿಗುತ್ತದೆ. ಇನ್ನು ವಾರ್ಡಿನ ಗಲಾಟೆ. ಮೇಲೆ ಫ್ಯಾನ್, ಪಕ್ಕದಲ್ಲಿ ಇನ್ನೊಂದು ಕೂಸಿನ ಅಳು, ನೋಡಲು ಬಂದ ನೆಂಟರು, ಅವರ ಫೋನು. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಅಗ್ಗದ ಓಎಇ ಸಾಧನ ಮಾಡಲು ಹೊರಟರೆ ಮೈಕ್, ಚಿಪ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ಮಧ್ಯಾಹ್ನ ಯಾವುದಾದರೂ ಹೆರಿಗೆ ವಾರ್ಡಿನಲ್ಲಿ ಕೂತು ಬಂದರೆ ಅವರ ಪ್ರಾಜೆಕ್ಟಿನ ದಿಕ್ಕೇ ಬದಲಾಗಬಹುದು. 2017ರಲ್ಲಿ ಬಂದ ಸೋಹಂ ಅನ್ನುವ ಭಾರತದ್ದೇ ಸಾಧನ ಕಿವಿಯ ಸದ್ದು ಕೇಳುವ ಬದಲು, ಮಗುವಿನ ತಲೆಗೆ ಮೂರು ಎಲೆಕ್ಟ್ರೋಡ್ ಇಟ್ಟು ಮೆದುಳಿನ ಅಲೆಯನ್ನೇ ನೋಡುತ್ತದೆ.

ಓಎಇ ಪಾಸ್ ಆಗಿಯೂ ಮಾತು ಬಾರದ ಮಕ್ಕಳ ಕಥೆ ಬೇರೆ. ಒಳಗಿವಿ ಚೆನ್ನಾಗಿದೆ, ಸದ್ದು ವಾಪಸ್ ಕೊಡುತ್ತದೆ. ಆದರೆ ಅಲ್ಲಿಂದ ಮುಂದೆ ನರದಲ್ಲಿ ತಾಳ ತಪ್ಪುತ್ತದೆ. 1996ರಲ್ಲಿ ಆರ್ನಾಲ್ಡ್ ಸ್ಟಾರ್ ತಂಡ ಇದಕ್ಕೆ ಆಡಿಟರಿ ನ್ಯೂರೋಪತಿ ಅಂತ ಹೆಸರಿಟ್ಟಿತು. ಮೈಸೂರಿನ ಸಂಸ್ಥೆಯಲ್ಲಿ ಇದರ ಬಗ್ಗೆ ಸಾಕಷ್ಟು ಸಂಶೋಧನೆ ಆಗಿದೆ. ಕಾಮಾಲೆ ತೀರಾ ಏರಿದ, ದಿನ ತುಂಬದೆ ಹುಟ್ಟಿದ, ಉಸಿರುಕಟ್ಟಿದ ಮಕ್ಕಳಲ್ಲಿ ಇದರ ಭಯ ಜಾಸ್ತಿ. ಅದಕ್ಕೇ ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಐದು ದಿನಕ್ಕಿಂತ ಹೆಚ್ಚು ಇದ್ದ ಮಗುವಿಗೆ ಓಎಇ ಒಂದೇ ಸಾಲದು, ಎಬಿಆರ್ (ಅಂದರೆ ಬೆರಾ ಅಥವಾ ಎಎಬಿಆರ್) ಆಗಲೇಬೇಕು ಅಂತ ಶಿಶುಗಳ ಶ್ರವಣಕ್ಕಾಗಿ ಇರುವ ಅಮೆರಿಕದ ಜಂಟಿ ಸಮಿತಿ 2007ರಲ್ಲಿ ಹೇಳಿತು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಅನ್ನುವ ಲೆಕ್ಕವೂ ಅವರದ್ದೇ.

ಒಂದು ತಿಂಗಳಿನದ್ದು ಈಗ ಅಷ್ಟು ಕಷ್ಟವಲ್ಲ. ಆಯಿಷ್‌ನವರು ಚೆಲುವಾಂಬದಂತಹ ಹೆರಿಗೆ ಆಸ್ಪತ್ರೆಗಳಲ್ಲಿ ತಪಾಸಣೆ ಮಾಡುತ್ತಾರೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲೂ ಸೇವೆ ಕೊಟ್ಟಿದ್ದಾರೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡೂ ಸೇರಿದೆ. ಕಷ್ಟ ಇರುವುದು ಒಂದು ತಿಂಗಳಿಗೂ ಮೂರು ತಿಂಗಳಿಗೂ ನಡುವೆ.

ಯೋಚಿಸಿ. ಗಂಡನ ಮನೆ ಹುಣಸೂರು, ತವರು ಮದ್ದೂರು, ಹೆರಿಗೆ ಮೈಸೂರಿನಲ್ಲಿ. ತಾಯಿ ಕಾರ್ಡ್ ಆಗಿದ್ದು ಹುಣಸೂರಿನ ಕಡೆ. ಫೋನ್ ನಂಬರ್ ಗಂಡನದ್ದು. ಬಾಣಂತನಕ್ಕೆ ಮಗು ಹೋಗುವುದು ಮದ್ದೂರಿಗೆ. ಅಲ್ಲಿಯ ಆಶಾ ಅವರಿಗೆ ಈ ಮಗು ತಮ್ಮ ಪಟ್ಟಿಯದ್ದಲ್ಲ, ಹುಣಸೂರಿನ ಆಶಾ ಅವರಿಗೆ ಮಗು ಊರಲ್ಲೇ ಇಲ್ಲ. ಆಸ್ಪತ್ರೆಯಿಂದ ಫೋನ್ ಬಂದರೆ ಗಂಡ ಕೆಲಸದಲ್ಲಿರುತ್ತಾನೆ. ಹಸಿ ಬಾಣಂತಿಯನ್ನು, ಎಳೆಗೂಸನ್ನು ಬಸ್ಸಿನಲ್ಲಿ ಮೈಸೂರಿಗೆ ಕಳಿಸಲು ತವರಿನವರು ಒಪ್ಪುವುದಿಲ್ಲ. ಮಗು ತಟ್ಟೆ ಬಿದ್ದ ಸದ್ದಿಗೆ ಬೆಚ್ಚಿದ್ದನ್ನು ಎಲ್ಲರೂ ನೋಡಿರುತ್ತಾರೆ. ಜೋರು ಸದ್ದು ಕೇಳಿಸಿ, ಮಾತು ಕೇಳಿಸದೇ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ? ಕೊನೆಗೆ ಅಜ್ಜಿಯ ಮಾತು: "ಇವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ನಿರಿ."

ದಾಖಲೆಯಲ್ಲೂ ಮಗು ಕಳೆದುಹೋಗುತ್ತದೆ. ಹೆರಿಗೆ ಆಸ್ಪತ್ರೆಯಲ್ಲಿ ಅದಕ್ಕೆ ಹೆಸರಿಲ್ಲ, 'ಬೇಬಿ ಆಫ್' ಅಂತ ಅಮ್ಮನ ಹೆಸರು. ನಾಮಕರಣ ಆದ ಮೇಲೆ ಬೇರೆ ಆಸ್ಪತ್ರೆಯಲ್ಲಿ ಅಪ್ಪನ ಹೆಸರಿನ ಜೊತೆ ಹೊಸ ಚೀಟಿ. ಎರಡೂ ಒಂದೇ ಮಗು ಅಂತ ಕಂಪ್ಯೂಟರಿಗೆ ಹೇಳುವವರು ಯಾರು?

ಕೊಚ್ಚಿಯಲ್ಲಿ ಮಕ್ಕಳ ವೈದ್ಯರು 2003ರಿಂದ ಬೇರೆ ದಾರಿ ಹಿಡಿದರು. ಆಸ್ಪತ್ರೆಗೊಂದು ಮಿಷನ್ ಕೊಳ್ಳುವ ಬದಲು, ಒಬ್ಬರು ಮಿಷನ್ ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತುವುದು. ರೆಫರ್ ಆದ ಮಗುವಿಗೆ ಆರು ವಾರದ ಲಸಿಕೆಗೆ ಬಂದಾಗ ಮತ್ತೆ ಪರೀಕ್ಷೆ. ಆಗಲೂ ರೆಫರ್ ಆದರೆ ಬೆರಾ. ಲಸಿಕೆಗೆ ಮಾತ್ರ ನಮ್ಮ ಕಡೆಯೂ ಯಾರೂ ತಪ್ಪಿಸುವುದಿಲ್ಲ, ತವರಿನಲ್ಲಿದ್ದರೂ ಅಲ್ಲಿಯೇ ಹಾಕಿಸುತ್ತಾರೆ. ಇಷ್ಟು ಸರಳವಾದದ್ದು ಎಲ್ಲ ಜಿಲ್ಲೆಗಳಿಗೂ ಯಾವತ್ತೋ ಬರಬೇಕಿತ್ತು.

ಬೆರಾದಲ್ಲಿ ಕಿವುಡು ಖಚಿತವಾದರೆ ಮುಂದಿನದ್ದು ಬೇಗ ಹೇಳಿಬಿಡಬಹುದು. ಮೊದಲು ಹಿಯರಿಂಗ್ ಏಡ್. ಅದರಿಂದ ಆಗದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಸರ್ಜರಿ ಮಾಡಿ ಒಳಗಿವಿಯಲ್ಲಿ ಕೂರಿಸಿ, ಕಿವಿಯ ನರಕ್ಕೆ ನೇರವಾಗಿ ಸುದ್ದಿ ಮುಟ್ಟಿಸುವ ಸಾಧನ. ಅದಕ್ಕೆ ಮುಂಚೆ ಸಿಟಿ ಸ್ಕ್ಯಾನ್‌ನಲ್ಲಿ ಒಳಗಿವಿಯ ಸುರುಳಿಯ ಮೂಳೆ ರೂಪುಗೊಂಡಿದೆಯಾ ಅಂತ, ಎಂಆರ್‌ಐನಲ್ಲಿ ಕಿವಿಯ ನರ ಇದೆಯಾ ಅಂತ ನೋಡುತ್ತಾರೆ. ನರವೇ ಇಲ್ಲದಿದ್ದರೆ ಇಂಪ್ಲಾಂಟ್ ಯಾರಿಗೆ ಸುದ್ದಿ ಮುಟ್ಟಿಸಬೇಕು? ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಅಡಿಪ್ ಯೋಜನೆ 2014ರಲ್ಲಿ ಇದಕ್ಕೆ ಮಗುವೊಂದಕ್ಕೆ 6 ಲಕ್ಷ ರೂಪಾಯಿವರೆಗೆ ಕೊಡಲು ಶುರುಮಾಡಿತು. ರಾಜ್ಯದ್ದು ಶ್ರವಣ ಸಂಜೀವಿನಿ ಇದೆ.

ಸರ್ಜರಿ ಫೋಟೋ ಪೇಪರಿನಲ್ಲಿ ಬರುತ್ತದೆ. ಅದಾದ ಮೇಲಿನ ಕೆಲಸ ಬರುವುದಿಲ್ಲ. ಹೊರಗಿನ ಪ್ರೊಸೆಸರನ್ನು ಮಗುವಿಗೆ ಹೊಂದುವಂತೆ ಮತ್ತೆ ಮತ್ತೆ ಮ್ಯಾಪಿಂಗ್ ಮಾಡಿಸಬೇಕು. ಮಗುವಿಗೆ ಸದ್ದು ಯಾವುದು, ಮಾತು ಯಾವುದು ಅಂತ ಕಲಿಸಬೇಕು, ಅದನ್ನು ಬಹುಪಾಲು ಮಾಡುವವರು ಅಮ್ಮಂದಿರು. ಆಯಿಷ್‌ನ ಪ್ರೀಸ್ಕೂಲಿನಲ್ಲಿ ಅವರಿಗೂ ತರಬೇತಿ ಇದೆ. ದೂರದ ಹಳ್ಳಿಯವರು ಇದಕ್ಕಾಗಿ ಮೈಸೂರಿನಲ್ಲೇ ಪುಟ್ಟ ರೂಮ್ ಮಾಡಿಕೊಂಡು ತಿಂಗಳುಗಟ್ಟಲೆ ಇರಬೇಕಾಗುತ್ತದೆ. ಊರಿನಲ್ಲಿ ಗಂಡ, ಹಸು, ಇನ್ನೊಂದು ಮಗು. ರೂಮಿನ ಬಾಡಿಗೆ, ಬಸ್ ಚಾರ್ಜು, ತಪ್ಪಿದ ಕೂಲಿಯ ಲೆಕ್ಕವನ್ನು ಮನೆಯವರೇ ಹೊಂದಿಸಿಕೊಳ್ಳುತ್ತಾರೆ.