ಓಲೆಕಟ್ಟಿನ ಕಾಲಂಗಳು: ಸ್ಕ್ಯಾನ್ ಮಾಡುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಮೂಡುಬಿದಿರೆಯಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದ ಧವಲಾ ಎಂಬ ಜೈನ ಗ್ರಂಥದ ಓಲೆಗರಿಗಳು ಯಾವ ಭಾಷೆಯವು? ಅಕ್ಷರ ನೋಡಿದವರು ಥಟ್ಟನೆ ಹಳಗನ್ನಡ ಎಂದುಬಿಡುತ್ತಾರೆ. ಲಿಪಿ ಕನ್ನಡದ್ದೇ, ನಿಜ. ಆದರೆ ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನವನ್ನು ನಮ್ಮ ಲಿಪಿಕಾರರು ನಮ್ಮ ಅಕ್ಷರದಲ್ಲಿ ಪ್ರತಿ ಮಾಡಿದ್ದರಿಂದ ಅದು ಉಳಿಯಿತು. ಇಂಥದೊಂದು ಕಟ್ಟನ್ನು ಡಿಜಿಟಲೀಕರಣಕ್ಕೆ ತೆಗೆದುಕೊಂಡಾಗ ನಮೂನೆಯಲ್ಲಿ ‘ಭಾಷೆ’ ಎಂಬ ಒಂದೇ ಕಾಲಂ ಇದ್ದರೆ, ತುಂಬುವವರು ‘ಕನ್ನಡ’ ಎಂದು ಬರೆಯುವ ಸಾಧ್ಯತೆಯೇ ಹೆಚ್ಚು. ಅಲ್ಲಿಗೆ ಮುಗಿಯಿತು. ಪ್ರಾಕೃತ ಬಲ್ಲ ವಿದ್ವಾಂಸರು ಎಲ್ಲಿ ಕುಳಿತು ಹುಡುಕಿದರೂ ಆ ಕಟ್ಟು ಅವರ ಕಣ್ಣಿಗೆ ಬೀಳುವುದಿಲ್ಲ. ಹಳಗನ್ನಡ ಕಾವ್ಯ ಹುಡುಕುವವರ ಕೈಗೆ ಸಿಕ್ಕರೆ ಅವರು ಅರ್ಥವಾಗದೆ ಪಕ್ಕಕ್ಕಿಡುತ್ತಾರೆ. ಚಿತ್ರ ಎಷ್ಟು ಸ್ಫುಟವಾಗಿ ಬಂದಿದ್ದರೂ ಪ್ರಯೋಜನವಿಲ್ಲ.

ಗ್ರಂಥಾಲಯದ ವಿಶೇಷ ಸಂಗ್ರಹಗಳ ವಿಷಯ ಬಂದಾಗಲೆಲ್ಲ ಕೇಳಿಬರುವ ಮಾತೊಂದಿದೆ: ‘ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದ್ದೇವೆ, ಇನ್ನು ಚಿಂತೆಯಿಲ್ಲ’. ಇದನ್ನು ಕೇಳಿದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಇತ್ತೀಚೆಗೆ ಅದಕ್ಕೆ ಇನ್ನೊಂದು ಮಾತೂ ಸೇರಿಕೊಂಡಿದೆ: ‘ಮುಂದೆ ಕೃತಕ ಬುದ್ಧಿಮತ್ತೆಯೇ ಎಲ್ಲವನ್ನೂ ಓದಿಕೊಳ್ಳುತ್ತದೆ ಬಿಡಿ’. ಅಕ್ಷರವನ್ನು ಯಂತ್ರ ಓದೀತು. ಕರಾವಳಿಯ ಎಷ್ಟೋ ಓಲೆಗಳಲ್ಲಿರುವ ತುಳು-ತಿಗಳಾರಿ ಲಿಪಿಗೆ ಯುನಿಕೋಡ್‌ನಲ್ಲಿ, ಅಂದರೆ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಮಾನಕದಲ್ಲಿ, ಜಾಗ ಸಿಕ್ಕಿದ್ದೇ 2024ರಲ್ಲಿ. ಆದರೂ ಒಂದು ದಿನ ಓದೀತು ಎಂದೇ ಇಟ್ಟುಕೊಳ್ಳೋಣ. ಗರಿಯ ಮೇಲೆ ಬರೆದಿಲ್ಲದ್ದನ್ನು ಅದು ಹೇಗೆ ಓದುತ್ತದೆ? ಈ ಕಟ್ಟು ಯಾವ ಊರಿನ ಯಾರ ಮನೆಯಿಂದ ಬಂತು, ಕೊಟ್ಟವರು ಏನು ಹೇಳಿ ಕೊಟ್ಟರು, ಇದರ ಜೊತೆಗೆ ಇನ್ನಾವ ಕಟ್ಟುಗಳಿದ್ದವು? ಇವೆಲ್ಲ ಕಟ್ಟು ಬಂದ ದಿನವೇ ದಾಖಲಾಗಬೇಕಾದ ಸಂಗತಿಗಳು.

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೇ ನೋಡಿ. 1891ರಲ್ಲಿ ಆರಂಭವಾದ ಆ ಗ್ರಂಥಾಲಯಕ್ಕೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಓಲೆಕಟ್ಟೊಂದನ್ನು ತಂದುಕೊಟ್ಟರು. ಭಾಷೆ ಸಂಸ್ಕೃತ, ಲಿಪಿ ತಮಿಳುನಾಡಿನಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎಂಬ ಲಿಪಿ. ಆರ್. ಶಾಮಶಾಸ್ತ್ರಿಗಳು ಅದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಭಾರತದ ರಾಜ್ಯಶಾಸ್ತ್ರದ ಚರಿತ್ರೆಯನ್ನೇ ಬದಲಿಸಿದ ಕಟ್ಟು ಅದು. ತಂದುಕೊಟ್ಟವರು ಮಾತ್ರ ಇಂದಿಗೂ ‘ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ’ ಎಂದಷ್ಟೇ ಉಳಿದಿದ್ದಾರೆ. ಹೆಸರು, ಊರು ದಾಖಲಾಗಿದ್ದರೆ ಅವರ ಮನೆತನದ ಬಳಿ ಇನ್ನೇನಿತ್ತು ಎಂದು ವಿಚಾರಿಸಲು ದಾರಿಯಿರುತ್ತಿತ್ತು.

ಇಂಥ ವಿವರಗಳಿಗೆ ಒಟ್ಟಾಗಿ ಮೆಟಾಡೇಟಾ ಎನ್ನುತ್ತಾರೆ. ಅದನ್ನು ಯೋಜಿಸುವುದೆಂದರೆ ಸ್ಕ್ಯಾನರ್ ಕೊಳ್ಳುವುದಕ್ಕೂ ಮೊದಲು ಯಾವ ಕಾಲಂ ಇರಬೇಕು, ಅದರಲ್ಲಿ ಏನನ್ನು ಹೇಗೆ ಬರೆಯಬೇಕು, ಗೊತ್ತಿಲ್ಲದಿದ್ದರೆ ಏನು ಮಾಡಬೇಕು ಎಂದು ತೀರ್ಮಾನಿಸುವುದು. ಈ ಶಾಸ್ತ್ರದಲ್ಲಿ ನಮ್ಮವರು ಹಿಂದೆ ಬಿದ್ದವರೇನಲ್ಲ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1933ರಲ್ಲಿಯೇ, ಒಂದು ಪುಸ್ತಕವನ್ನು ಒಂದೇ ಗೂಡಿಗೆ ತುರುಕಬೇಡಿ, ಅದರ ವಿಷಯಕ್ಕೆ ಹಲವು ಮುಖಗಳಿವೆ, ಒಂದೊಂದನ್ನೂ ಬೇರೆಯಾಗಿ ಗುರುತಿಸಿ ಎಂಬ ವಿಧಾನವನ್ನು ಮುಂದಿಟ್ಟರು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರು 1962ರಲ್ಲಿ ಇಲ್ಲಿಯೇ ಪ್ರಲೇಖನ (ಡಾಕ್ಯುಮೆಂಟೇಶನ್) ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಭಾಷೆಯನ್ನೂ ಲಿಪಿಯನ್ನೂ ಬೇರೆ ಬೇರೆ ಕಾಲಂಗಳಲ್ಲಿ ಬರೆಯಿರಿ ಎಂದು ಇಂದಿಗೂ ಹೇಳಬೇಕಾಗಿ ಬರುವುದು ಬೇಸರದ ಸಂಗತಿ. ಭಾಷೆಗೊಂದು, ಲಿಪಿಗೊಂದು ಅಂತರರಾಷ್ಟ್ರೀಯ ಸಂಕೇತಪಟ್ಟಿ ಸಿದ್ಧವಿದೆ. ಕನ್ನಡ, ಗ್ರಂಥ, ನಂದಿನಾಗರಿ ಎಲ್ಲಕ್ಕೂ ನಾಲ್ಕಕ್ಷರದ ಲಿಪಿಸಂಕೇತವಿದೆ.

ಜಗತ್ತಿನ ಅನೇಕ ಡಿಜಿಟಲ್ ಸಂಗ್ರಹಗಳಿಗೆ ಬುನಾದಿಯಾಗಿರುವುದು ಡಬ್ಲಿನ್ ಕೋರ್ ಎಂಬ ಮಾನಕ. ಇದು ಐರ್ಲೆಂಡಿನದಲ್ಲ, 1995ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ಡಬ್ಲಿನ್ ಎಂಬ ಊರಿನಲ್ಲಿ ನಡೆದ ಕಾರ್ಯಾಗಾರದಿಂದ ಬಂದದ್ದು. ಶೀರ್ಷಿಕೆ, ಕರ್ತೃ, ಕಾಲ, ಭಾಷೆ, ಮೂಲ ಹೀಗೆ ಒಟ್ಟು 15 ಅಂಶಗಳು. ಬೇರೆ ಬೇರೆ ಗ್ರಂಥಾಲಯಗಳು ಪರಸ್ಪರ ಮಾಹಿತಿ ಹಂಚಿಕೊಳ್ಳಲು ಇದು ಚೆನ್ನಾಗಿದೆ. ಆದರೆ ಓಲೆಕಟ್ಟಿಗೆ ಇದಷ್ಟೇ ಸಾಲದು.

ಕರ್ತೃವಿನ ಅಂಶವನ್ನೇ ತೆಗೆದುಕೊಳ್ಳಿ. ಕವಿರಾಜಮಾರ್ಗವನ್ನು ಬರೆದವರು ಯಾರು? 1898ರಲ್ಲಿ ಕೆ. ಬಿ. ಪಾಠಕ್ ಅದನ್ನು ಸಂಪಾದಿಸಿ ಪ್ರಕಟಿಸಿದಾಗ ನೃಪತುಂಗನದು ಎಂದೇ ಅಚ್ಚಾಯಿತು. ಕೃತಿಯೊಳಗೆ ಇರುವುದು ನೃಪತುಂಗನ ಅನುಮತಿಯ ಮಾತು. ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಶ್ರೀವಿಜಯನನ್ನು ಕರ್ತೃವೆಂದು ಒಪ್ಪುತ್ತಾರೆ. ಒಂದೇ ಹೆಸರಿಗೆ ಜಾಗವಿರುವ ಕಾಲಂನಲ್ಲಿ ಯಾರನ್ನು ಬರೆದರೂ ಇನ್ನೊಂದು ಹೆಸರಿನಿಂದ ಹುಡುಕುವವರಿಗೆ ಅನ್ಯಾಯವಾಗುತ್ತದೆ. ನಂದಳಿಕೆಯ ಲಕ್ಷ್ಮೀನಾರಾಯಣಪ್ಪನವರದು ಇನ್ನೂ ಸ್ವಾರಸ್ಯದ ಪ್ರಸಂಗ. ಅವರು ತಾವೇ ಬರೆದ ಕೃತಿಗಳನ್ನು ಮುದ್ದಣನೆಂಬ ಹಳೆಯ ಕವಿಯ ಪ್ರತಿಗಳೆಂದು ಹೇಳಿ ಮೈಸೂರಿನ ಸಂಪಾದಕರಿಗೆ ಕಳುಹಿಸಿದರು. ಹೀಗಾಗಿ ಒಂದೊಂದು ಹೆಸರಿನ ಪಕ್ಕದಲ್ಲೂ ಆ ವ್ಯಕ್ತಿಯ ಪಾತ್ರ ಏನೆಂಬುದು ಬರಬೇಕು: ಕರ್ತೃ, ಕರ್ತೃವೆಂದು ಹೇಳಲಾದವರು, ಲಿಪಿಕಾರ, ವ್ಯಾಖ್ಯಾನಕಾರ, ಹಿಂದಿನ ಒಡೆಯ. ಇದಕ್ಕೆ ಬೇಕಾದ ಸಂಕೇತಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಎಂದೋ ಪಟ್ಟಿ ಮಾಡಿಟ್ಟಿದೆ.

ಇನ್ನು ಕಾಲದ ವಿಚಾರ. ನನಗೆ ಅತ್ಯಂತ ಪ್ರಿಯವಾದದ್ದು ಇದೇ, ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದಾಗಿ, ಯಾವ ಕಾಲ? ಕುಮಾರವ್ಯಾಸ ಕಾವ್ಯ ಬರೆದದ್ದು ಒಂದು ಕಾಲ, ಯಾರೋ ಅದನ್ನು ಓಲೆಯ ಮೇಲೆ ಪ್ರತಿ ಮಾಡಿದ್ದು ಇನ್ನೊಂದು ಕಾಲ, ನಾವು ಸ್ಕ್ಯಾನ್ ಮಾಡಿದ್ದು ಮತ್ತೊಂದು ಕಾಲ. ‘ದಿನಾಂಕ’ ಎಂಬ ಒಂದೇ ಕಾಲಂ ಕೊಟ್ಟರೆ ಈ ಮೂರೂ ಕಲಸಿಹೋಗುತ್ತವೆ.

ಎರಡನೆಯದಾಗಿ, ಲಿಪಿಕಾರರು ಪ್ರತಿ ಮುಗಿಸಿದ ದಿನವನ್ನು ಕೊನೆಯ ಗರಿಯಲ್ಲಿ ಬರೆಯುತ್ತಿದ್ದರು, ಆದರೆ ನಮ್ಮ ಕಂಪ್ಯೂಟರಿಗೆ ಬೇಕಾದಂತೆ ಅಲ್ಲ. ಶಕವರ್ಷ ಕೊಟ್ಟಿದ್ದರೆ ತೊಂದರೆ ಕಡಿಮೆ: 78 ಕೂಡಿಸಿ, ಜನವರಿಯಿಂದ ಮುಂದಿನ ಯುಗಾದಿಯವರೆಗಿನ ದಿನವಾದರೆ 79. ಅನೇಕ ಸಲ ಇರುವುದು ‘ವಿಕೃತಿ ಸಂವತ್ಸರದ ಚೈತ್ರ ಶುದ್ಧ ಪಾಡ್ಯ ಭಾನುವಾರ’ ಎಂಬ ಮಾದರಿಯ ಒಕ್ಕಣೆ ಮಾತ್ರ. ಸಂವತ್ಸರಗಳು ಅರವತ್ತು, ಮುಗಿದ ಮೇಲೆ ಮತ್ತೆ ಪ್ರಭವದಿಂದ ಶುರು. ಗಡಿಯಾರ ನೋಡಿ ಐದು ಗಂಟೆ ಎಂದವರು ಬೆಳಗಿನದೋ ಸಂಜೆಯದೋ ಎಂದು ಹೇಳದೆ ಹೋದ ಹಾಗೆ. ವಿಕೃತಿ ಬಂದದ್ದು 2010ರಲ್ಲಿ, ಅದಕ್ಕೆ ಮುಂಚೆ 1950ರಲ್ಲಿ, 1890, 1830, 1770, 1710ರಲ್ಲಿ. ಯಾವುದನ್ನು ಬರೆಯಬೇಕು?

ಇಲ್ಲಿ ವಾರದ ಹೆಸರು ನೆರವಿಗೆ ಬರುತ್ತದೆ. ತಿಥಿಯನ್ನು ನಿರ್ಧರಿಸುವುದು ಚಂದ್ರ ಮತ್ತು ಸೂರ್ಯರ ನಡುವಿನ ಕೋನ. ವಾರ ಅದಾವುದನ್ನೂ ಲೆಕ್ಕಿಸದೆ ಏಳೇಳು ದಿನಕ್ಕೆ ಸುತ್ತುತ್ತಿರುತ್ತದೆ. ಎರಡಕ್ಕೂ ಸಂಬಂಧವಿಲ್ಲದ್ದರಿಂದಲೇ ಅವು ಒಂದು ದಿನ ಕೂಡಿಬರುವುದು ದೊಡ್ಡ ಸಾಕ್ಷ್ಯ. 2010ರ ವಿಕೃತಿ ಸಂವತ್ಸರದ ಯುಗಾದಿ ಮಾರ್ಚ್ 16ರ ಮಂಗಳವಾರ ಬಂತು. 1950ರದು ಮಾರ್ಚ್ 19ರ ಭಾನುವಾರ. ಮೇಲಿನ ಒಕ್ಕಣೆಯಲ್ಲಿ ‘ಭಾನುವಾರ’ ಎಂಬ ಒಂದು ಮಾತಿರುವುದರಿಂದ 2010 ಬಿದ್ದುಹೋಯಿತು, 1950 ಉಳಿಯಿತು. ಹಿಂದಿನ ವರ್ಷಗಳನ್ನೂ ಹೀಗೆಯೇ ಒಂದೊಂದಾಗಿ ಒರೆಗೆ ಹಚ್ಚಬೇಕು. ಸರಿಯಲ್ಲದ ವರ್ಷವೊಂದು ಆಕಸ್ಮಿಕವಾಗಿ ಈ ಪರೀಕ್ಷೆ ದಾಟುವ ಸಾಧ್ಯತೆ ಸುಮಾರು ಏಳರಲ್ಲಿ ಒಂದು. ಜೊತೆಗೆ ನಕ್ಷತ್ರವನ್ನೋ ಗ್ರಹಣವನ್ನೋ ಬರೆದಿದ್ದರೆ ಇನ್ನೂ ಬಿಗಿಯಾಗುತ್ತದೆ. ಶಾಸನಗಳ ಕಾಲನಿರ್ಣಯಕ್ಕೆ ವಿದ್ವಾಂಸರು ಬಳಸಿದ್ದು ಇದೇ ವಿಧಾನ. ರಾಬರ್ಟ್ ಸೂವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ, ಆಮೇಲೆ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಇದಕ್ಕೆ ಬೇಕಾದ ಕೋಷ್ಟಕಗಳನ್ನು ಕೈಯಿಂದ ಗುಣಿಸಿ ಕೂಡಿಸಿ ಪ್ರಕಟಿಸಿದರು. ಎಷ್ಟು ತಾಳ್ಮೆಯ ಕೆಲಸ! ತೊಡಕುಗಳೂ ಇವೆ. ಸೂರ್ಯೋದಯದ ಹೊತ್ತಿನ ತಿಥಿಯಲ್ಲಿ ಪಂಚಾಂಗಗಳ ನಡುವೆ ಒಂದು ದಿನದ ವ್ಯತ್ಯಾಸ ಬರಬಹುದು. ಗುರುಗ್ರಹದ ಚಲನೆಯನ್ನು ಅನುಸರಿಸುವ ಉತ್ತರದ ಬಾರ್ಹಸ್ಪತ್ಯ ಗಣನೆಯಲ್ಲಿ ಸುಮಾರು 85 ವರ್ಷಕ್ಕೊಮ್ಮೆ ಒಂದು ಸಂವತ್ಸರವನ್ನೇ ಬಿಟ್ಟುಬಿಡುತ್ತಾರೆ; ಹಾಗಾಗಿ ಅಲ್ಲಿನ ಸಂವತ್ಸರಕ್ಕೂ ನಮ್ಮದಕ್ಕೂ ತಾಳೆಯಾಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಎರಡು ವರ್ಷ ಉಳಿದರೆ? ಅಥವಾ ವಾರವನ್ನೇ ಬರೆದಿಲ್ಲದಿದ್ದರೆ? ಆಗ ತೋಚಿದ ಒಂದನ್ನು ಬರೆದುಬಿಡುವುದು ದೊಡ್ಡ ಅಪರಾಧ, ಏಕೆಂದರೆ ಪರದೆಯ ಮೇಲೆ ಊಹೆಯೂ ಸತ್ಯವೂ ಒಂದೇ ಅಕ್ಷರದಲ್ಲಿ ಕಾಣುತ್ತವೆ. ಇದಕ್ಕೊಂದು ಸೊಗಸಾದ ಪರಿಹಾರವಿದೆ. ಲೈಬ್ರರಿ ಆಫ್ ಕಾಂಗ್ರೆಸ್ ಮುಂದೆ ನಿಂತು ರೂಪಿಸಿದ ವಿಸ್ತೃತ ದಿನಾಂಕ ಪದ್ಧತಿ 2019ರಲ್ಲಿ ಅಂತರರಾಷ್ಟ್ರೀಯ ಮಾನಕದ ಭಾಗವಾಯಿತು. ಅದರಲ್ಲಿ [1770,1830,1890] ಎಂದು ಚೌಕ ಕಂಸದಲ್ಲಿ ಬರೆದರೆ ‘ಇವುಗಳಲ್ಲಿ ಯಾವುದೋ ಒಂದು’ ಎಂದರ್ಥ. 1830? ಎಂದರೆ ಖಚಿತವಿಲ್ಲ, 1830~ ಎಂದರೆ ಸುಮಾರು, 1700/1750 ಎಂದರೆ 1700ರಿಂದ 1750ರವರೆಗಿನ ಅವಧಿ. ಸಂದೇಹವನ್ನು ಯಂತ್ರಕ್ಕೂ ಅರ್ಥವಾಗುವಂತೆ ಬರೆಯಬಹುದು. 1800ರಿಂದ 1850ರೊಳಗಿನ ಪ್ರತಿಗಳನ್ನು ಹುಡುಕಿದವರಿಗೆ ಆ ಕಟ್ಟು ಸಿಗುತ್ತದೆ, ಅದರ ಅನಿಶ್ಚಿತತೆಯೂ ಜೊತೆಗೇ ಕಾಣುತ್ತದೆ. ಲಿಪಿಕಾರ ಬರೆದ ಮೂಲ ಒಕ್ಕಣೆಯನ್ನು ಇದ್ದಂತೆಯೇ ಇನ್ನೊಂದು ಕಾಲಂನಲ್ಲಿ ಇಡಬೇಕು. ನಾಳೆ ಇನ್ನೊಬ್ಬರು ಲೆಕ್ಕ ಮಾಡಿ ತಿದ್ದಲಿ.

ಈ ಕಾಲಂಗಳು ಖಾಲಿ ಉಳಿದಾಗ ಮೂಢನಂಬಿಕೆ ಬಂದು ಕೂರುತ್ತದೆ. ಪ್ರಾಚೀನ ಭಾರತದಲ್ಲಿ ವಿಮಾನ ಹಾರುತ್ತಿತ್ತು ಎಂಬುದಕ್ಕೆ ಇಂದಿಗೂ ವೈಮಾನಿಕ ಶಾಸ್ತ್ರದ ಹೆಸರು ಹೇಳುತ್ತಾರೆ. ಭರದ್ವಾಜ ಮಹರ್ಷಿಗಳದು ಎನ್ನಲಾದ ಆ ಪಠ್ಯ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಸಂಶೋಧಕರು 1974ರಲ್ಲಿ ಅದನ್ನು ಕೂಲಂಕಷವಾಗಿ ಪರಿಶೀಲಿಸಿ, ಅದು ಇಪ್ಪತ್ತನೆಯ ಶತಮಾನದ ಆರಂಭದ ರಚನೆ, ಅದರಲ್ಲಿನ ವಿಮಾನಗಳು ಹಾರಲಾರವು ಎಂದು ತೋರಿಸಿಕೊಟ್ಟರು. ‘ಕರ್ತೃವೆಂದು ಹೇಳಲಾದವರು: ಭರದ್ವಾಜ, ಹೇಳಿ ಬರೆಸಿದವರು: ಸುಬ್ಬರಾಯ ಶಾಸ್ತ್ರಿ, ಬರೆಸಿದ ಕಾಲ: ಇಪ್ಪತ್ತನೆಯ ಶತಮಾನದ ಆರಂಭ’ ಎಂಬ ಮೂರು ಸಾಲು ಎಲ್ಲ ಪ್ರತಿಗಳ ಜೊತೆಗೂ ಓಡಾಡುತ್ತಿದ್ದರೆ ಎಷ್ಟೋ ಭಾಷಣಗಳು ಹುಟ್ಟುತ್ತಲೇ ಇರಲಿಲ್ಲ.

ಕಟ್ಟಿನ ರಚನೆಯ ಬಗ್ಗೆಯೂ ಒಂದು ಮಾತು. ಒಂದು ಕಟ್ಟಿನಲ್ಲಿ ಒಂದೇ ಕೃತಿ ಇರುತ್ತದೆ ಎಂಬುದು ಅಚ್ಚಿನ ಪುಸ್ತಕ ನೋಡಿ ಬೆಳೆದ ನಮ್ಮ ಕಲ್ಪನೆ. ಜೈಮಿನಿ ಭಾರತದ ಕೆಲವು ಸಂಧಿಗಳು, ಬೆನ್ನಿಗೇ ಔಷಧಿಯ ಗರಿಗಳು, ಕೊನೆಯಲ್ಲಿ ಸಾಲದ ಲೆಕ್ಕ, ಎಲ್ಲವೂ ಒಂದೇ ದಾರದಲ್ಲಿ ಇರಬಹುದು. ಗರಿಗೆ ಸಂಖ್ಯೆ ಒಂದೇ, ಮುಖ ಎರಡು. ಮೇಲಿನ ಮರದ ಹಲಗೆಯ ಚಿತ್ರ ಮೊದಲನೆಯದು ಎಂದಾದರೆ 57ನೆಯ ಚಿತ್ರ 28ನೆಯ ಗರಿಯ ಹಿಂಬದಿ. ನಡುವೆ 12ನೆಯ ಗರಿ ಕಳೆದುಹೋಗಿದ್ದರೆ ಅದೇ ಚಿತ್ರ 29ನೆಯ ಗರಿಯದು. ಚಿತ್ರದ ಸಂಖ್ಯೆ, ಗರಿಯ ಸಂಖ್ಯೆ, ಕೃತಿ ಈ ಮೂರನ್ನೂ ಹೊಂದಿಸುವ ಪಟ್ಟಿ ಇಲ್ಲದಿದ್ದರೆ ಉಲ್ಲೇಖಿಸುವವರೆಲ್ಲ ತಪ್ಪು ಗರಿಯನ್ನು ಉಲ್ಲೇಖಿಸುತ್ತಾರೆ.

ಕನ್ನಡದಲ್ಲಿ ಹುಡುಕುವಾಗ ಕಣ್ಣಿಗೆ ಕಾಣದ ತೊಡಕೂ ಒಂದಿದೆ. ‘ಕೊ’ ಎಂಬ ಅಕ್ಷರದ ಸ್ವರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಸಂಗ್ರಹಿಸಬಹುದು, ಎತ್ವ ಮತ್ತು ಊಕಾರದ ಎರಡು ಚಿಹ್ನೆಗಳ ಜೋಡಿಯಾಗಿಯೂ ಸಂಗ್ರಹಿಸಬಹುದು. ಪರದೆಯ ಮೇಲೆ ಎರಡೂ ಒಂದೇ. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಏರ್ಪಾಡು ತಂತ್ರಾಂಶದಲ್ಲಿ ಇಲ್ಲದಿದ್ದರೆ ‘ಕೊಡಗು’ ಎಂದು ಹುಡುಕಿದವರಿಗೆ ‘ಕೊಡಗು’ ಸಿಗುವುದಿಲ್ಲ. ಯುನಿಕೋಡ್ ಬಳಕೆಗೆ ಬರುವ ಮುಂಚೆ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಸೂಚಿಗಳನ್ನು ಮೊದಲು ಪರಿವರ್ತಿಸಿಕೊಳ್ಳಬೇಕು. ‘ಗ್ರಂಥ’ವನ್ನು ಲಿಪಿಕಾರ ‘ಗ್ರನ್ಥ’ ಎಂದು ಬರೆದಿದ್ದರೆ ಅದನ್ನು ಅಳಿಸದೆ, ಇಂದಿನ ರೂಪವನ್ನು ಪಕ್ಕದಲ್ಲಿ ಕೊಡಬೇಕು.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಯುನಿಕೋಡ್‌ನಲ್ಲೇ ಉದಾಹರಣೆಯಿದೆ. ಹಳಗನ್ನಡದ ೞಕಾರಕ್ಕೆ ಆ ಮಾನಕದಲ್ಲಿ ‘ಫಾ’ ಎಂಬ ಹೆಸರು ತಪ್ಪಾಗಿ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದಿದೆ. ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿ ಸುಧಾರಿಸಿದ್ದಾರೆ. ಗ್ರಂಥಾಲಯದ ದಾಖಲೆಗಳಿಗೆ ಅಂಥ ಕಟ್ಟುಪಾಡಿಲ್ಲ, ತಿದ್ದಬಹುದು. ಆದರೆ ಯಾರು, ಯಾವಾಗ, ಯಾವ ಆಧಾರದ ಮೇಲೆ ಬರೆದರು ಎಂಬ ವಿವರ ಪ್ರತಿ ನಮೂದಿನ ಜೊತೆಗೆ ಇದ್ದರೆ ಮಾತ್ರ.

ಯೋಜನೆ ಸರಿಯಿದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಸಂಗ್ರಹದಿಂದ ಇಪ್ಪತ್ತು ಕಟ್ಟುಗಳನ್ನು ಆರಿಸಿ: ಒಂದಿಷ್ಟು ಓಲೆ, ಒಂದಿಷ್ಟು ಕಾಗದ, ಸಾಧ್ಯವಾದರೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತವೂ ಒಂದೆರಡು. ಇಬ್ಬರು ಪರಸ್ಪರ ಮಾತನಾಡದೆ ಅವೇ ಕಟ್ಟುಗಳ ನಮೂನೆ ತುಂಬಲಿ. ಒಬ್ಬರಿಗಾದರೂ ಹಳೆಯ ಲಿಪಿ ಓದಲು ಬರಬೇಕು, ಅವರಿಗೆ ಸರಿಯಾದ ಸಂಬಳ ಕೊಡಬೇಕು. ಅಂದಾಜುಪಟ್ಟಿಯಲ್ಲಿ ಕ್ಯಾಮರಾಕ್ಕೆ ಹಣವಿದ್ದು ಓದುವವರಿಗೆ ಇಲ್ಲದಿದ್ದರೆ ಅದು ಯೋಜನೆಯೇ ಅಲ್ಲ. ಇಬ್ಬರ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಎಲ್ಲೆಲ್ಲಿ ಉತ್ತರ ಬೇರೆಯಾಗಿದೆಯೋ ಅಲ್ಲಲ್ಲಿ ನಿಯಮದ ಸಾಲನ್ನು ತಿದ್ದಿ ಬರೆದು, ಬೇರೆ ಇಪ್ಪತ್ತು ಕಟ್ಟುಗಳ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.