ಹಾಟ್ ರಾಡ್: ಒಣಗಿದ ಕೆರೆಗಳಲ್ಲಿ ರೂಪುಗೊಂಡ ರೋಡ್‌ಸ್ಟರ್

ಹಾಟ್ ರಾಡ್, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು, ಅಂದಾಗ ಮೈತುಂಬ ಬೆಂಕಿಯ ಚಿತ್ರ ಬರೆದ, ಫಳಫಳ ಹೊಳೆಯುವ ಪ್ರದರ್ಶನದ ಕಾರು ನೆನಪಾಗುತ್ತದೆ, ಅಲ್ವಾ? ಓದಲು ಕೂತಾಗ ಆ ಚಿತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. 1930 ಮತ್ತು 40ರ ದಶಕದ ಕ್ಯಾಲಿಫೋರ್ನಿಯಾದ ರೋಡ್‌ಸ್ಟರ್ ಎಂಬ ತೆರೆದ ಕಾರುಗಳಲ್ಲಿ ಬರೀ ಅಂದಕ್ಕೆ ಅಂತ ಮಾಡಿದ್ದು ಬಹಳ ಕಡಿಮೆ. ಮಡ್‌ಗಾರ್ಡ್ ಯಾಕಿಲ್ಲ, ಮೂತಿ ಯಾಕೆ ತಗ್ಗಿದೆ, ಹಿಂದಿನ ಟೈರ್ ಯಾಕೆ ದೊಡ್ಡದು, ಎಲ್ಲಕ್ಕೂ ಕಾರಣ ಇದೆ. ಈ ಟಿಪ್ಪಣಿಯಲ್ಲಿ ಆ ಕಾರಣಗಳನ್ನೇ ಹಿಡಿದು ಹೋಗೋಣ.

ಜಾಗ ಮತ್ತು ಕಾರು

ಲಾಸ್ ಏಂಜಲೀಸ್‌ನ ಉತ್ತರಕ್ಕೆ ಮೊಹಾವಿ ಮರುಭೂಮಿ. ಅಲ್ಲಿ ಮ್ಯೂರಾಕ್, ಎಲ್ ಮಿರಾಜ್, ಹಾರ್ಪರ್, ರೋಸಮಂಡ್ ಎಂಬ ಒಣ ಕೆರೆಗಳಿವೆ. ಮಳೆ ಬಂದಾಗ ತೆಳ್ಳಗೆ ನೀರು ನಿಲ್ಲುತ್ತದೆ, ಆಮೇಲೆ ಪೂರ್ತಿ ಆರಿಹೋಗುತ್ತದೆ. ಉಳಿಯುವುದು ಗಟ್ಟಿಯಾದ, ಮೈಲಿಗಟ್ಟಲೆ ಸಮತಟ್ಟಾದ ಜೇಡಿಮಣ್ಣಿನ ನೆಲ. ಅಡ್ಡ ಬರಲು ಅಲ್ಲಿ ಮರವಿಲ್ಲ, ತಿರುವಿಲ್ಲ. ಕಾರಿನ ಗರಿಷ್ಠ ವೇಗ ಎಷ್ಟು ಅಂತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಆ ಕಾಲದ ಕಾರು ಹುಚ್ಚಿನ ಹುಡುಗರಿಗೆ ಸಿಗುತ್ತಿರಲಿಲ್ಲ.

ಕಾರುಗಳೂ ಅಗ್ಗವಾಗಿ ಸಿಗುತ್ತಿದ್ದವು. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿ ತಯಾರಿಸಿತ್ತು. ಅದರ ನಂತರ ಮಾಡೆಲ್ ಎ ಬಂತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಗುಜರಿ ಅಂಗಡಿಗಳ ತುಂಬ ಇವೇ. ಇವುಗಳಲ್ಲಿ ರೋಡ್‌ಸ್ಟರ್ ಅಂದರೆ ಗಟ್ಟಿ ಛಾವಣಿ ಇಲ್ಲದ, ಪಕ್ಕದ ಗಾಜುಗಳಿಲ್ಲದ, ಇಬ್ಬರು ಕೂರುವ ಕಾರು. ಹಗುರ, ಬೆಲೆಯೂ ಕಮ್ಮಿ. ಅದಕ್ಕೇ ಹುಡುಗರ ಕೈಗೆ ಮೊದಲು ಸಿಕ್ಕಿದ್ದು ಅದು.

ಮೊದಮೊದಲು ಹಲವಾರು ಕಾರುಗಳು ಸಾಲಾಗಿ ಒಟ್ಟಿಗೆ ಓಡುತ್ತಿದ್ದವು. ಮುಂದಿನವನು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ಏನೂ ಕಾಣುತ್ತಿರಲಿಲ್ಲ. ಅಪಘಾತಗಳೂ ಆದವು. 1937ರ ನವೆಂಬರ್‌ನಲ್ಲಿ ಹಲವು ಕ್ಲಬ್‌ಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿಕೊಂಡವು. ವೇಗ ಅಳೆಯುವುದಕ್ಕೆ, ಸುರಕ್ಷತೆಗೆ ನಿಯಮಗಳು ಬಂದವು. ಈ ಸಂಘ ಶುರುವಿನಲ್ಲಿ ಮುಚ್ಚಿದ ಕಾರುಗಳನ್ನು ಸೇರಿಸುತ್ತಲೇ ಇರಲಿಲ್ಲ. ರೋಡ್‌ಸ್ಟರ್‌ಗೆ ಸಿಕ್ಕ ಮರ್ಯಾದೆಗೆ ಇದೂ ಒಂದು ದೊಡ್ಡ ಕಾರಣ.

ಕಳಚುವುದರ ಲೆಕ್ಕ

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಅದನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಗಂಟೆಗೆ 100 ಮೈಲಿಯಿಂದ 120 ಮೈಲಿಗೆ ಹೋಗಬೇಕು ಅಂದುಕೊಳ್ಳಿ. ವೇಗ ಜಾಸ್ತಿಯಾದದ್ದು ಶೇ 20. ಆದರೆ 1.2ರ ಘನ 1.73 ಆಯಿತು. ಅಂದರೆ ಗಾಳಿಯೊಂದಕ್ಕೇ ಶೇ 73ರಷ್ಟು ಹೆಚ್ಚು ಶಕ್ತಿ ಕೊಡಬೇಕು. ಅಷ್ಟು ಶಕ್ತಿ ಹುಟ್ಟಿಸಲು ದುಡ್ಡು ಬೇಕು. ಬಿಡಿಭಾಗ ಬಿಚ್ಚಿಡಲು ಒಂದು ಸ್ಪ್ಯಾನರ್ ಸಾಕು.

ಹಾಗಾಗಿ ಮಡ್‌ಗಾರ್ಡ್, ಬಂಪರ್, ಕ್ಯಾನ್ವಾಸ್ ಛಾವಣಿ ಎಲ್ಲ ಹೋಯಿತು. ಕೆರೆ ತಲುಪಿದ ಮೇಲೆ ಮುಂದಿನ ಗಾಜು, ಹೆಡ್‌ಲೈಟ್ ಕೂಡ ಬಿಚ್ಚುತ್ತಿದ್ದರು. ಓಟ ಮುಗಿದ ಮೇಲೆ ಮತ್ತೆ ಜೋಡಿಸಿ, ಅದೇ ಕಾರಿನಲ್ಲಿ ಮನೆಗೆ ಹೋಗುತ್ತಿದ್ದರು. ಹಿಂದಿನ ಎತ್ತರದ ಟೈರ್‌ಗೂ ಲೆಕ್ಕ ಇದೆ. ಎಂಜಿನ್ ಒಂದು ಸುತ್ತು ತಿರುಗಿದಾಗ ಕಾರು ಜಾಸ್ತಿ ದೂರ ಹೋಗುತ್ತದೆ. ಮುಂದೆ ಚಿಕ್ಕ ಟೈರ್, ಹಿಂದೆ ದೊಡ್ಡದು. ಮೂತಿ ತಾನಾಗಿ ತಗ್ಗಿತು.

ಬಾಡಿಯನ್ನು ಚಾಸಿಯ (ಕಾರಿನ ಕೆಳಗಿನ ಚೌಕಟ್ಟಿನ) ಮೇಲೆ ಮೊದಲಿದ್ದ ಹಾಗೇ ಕೂರಿಸಿದ ಕಾರಿಗೆ ಹೈಬಾಯ್ ಅಂತಾರೆ. ಕಾರಿನೊಳಗಿನ ನೆಲವನ್ನು ಕತ್ತರಿಸಿ ಬಾಡಿಯನ್ನು ಚಾಸಿಯ ಆಚೀಚೆ ಕೆಳಗಿಳಿಸಿದರೆ ಅದು ಚಾನಲಿಂಗ್. ಗಾಜು, ಛಾವಣಿಯ ಎತ್ತರ ಕತ್ತರಿಸುವುದು ಚಾಪಿಂಗ್. 1932ರ ಫೋರ್ಡ್ ಚಾಸಿ ಗಟ್ಟಿ, ಪಕ್ಕದ ಪಟ್ಟಿಗಳು ನೋಡಲೂ ಚೆನ್ನ. ಅದರ ಮೇಲೆ ಮಾಡೆಲ್ ಎ ಬಾಡಿ ಕೂರಿಸುವವರು ಬಹಳ ಜನ. ಬ್ರೇಕ್ ಮಾತ್ರ ಲೋಹದ ಸರಳುಗಳಿಂದ ಎಳೆಯುವ ಹಳೆಯ ಬಗೆಯದು, ನಂಬುವ ಹಾಗಿರಲಿಲ್ಲ. 1939ರಲ್ಲಿ ಫೋರ್ಡ್ ಕಾರಿಗೆ ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಬಂದದ್ದೇ ತಡ, ಗುಜರಿಯಿಂದ ಅದನ್ನು ತಂದು ಹಳೆಯ ಕಾರಿಗೆ ಹಾಕಿದರು.

ಫ್ಲಾಟ್‌ಹೆಡ್ ಎಂಜಿನ್: ಇಲ್ಲಿ ಸ್ವಲ್ಪ ನಿಲ್ಲಿ

1932ರಲ್ಲಿ ಫೋರ್ಡ್ ಸಾಮಾನ್ಯರ ಕೈಗೆಟುಕುವ ಬೆಲೆಗೆ ವಿ8 ಎಂಜಿನ್ ಕೊಟ್ಟಿತು. ವಿ ಆಕಾರದಲ್ಲಿ ಎರಡು ಸಾಲು, ಒಟ್ಟು ಎಂಟು ಸಿಲಿಂಡರ್. ಫ್ಲಾಟ್‌ಹೆಡ್ ಅನ್ನುವುದು ಇದನ್ನೇ. ಸಿಲಿಂಡರುಗಳ ಒಟ್ಟು ಗಾತ್ರ 221 ಘನ ಅಂಗುಲ, ಅಂದರೆ ಸುಮಾರು 3.6 ಲೀಟರ್. ಶಕ್ತಿ 65 ಅಶ್ವಶಕ್ತಿ.

ಈಗಿನ ಎಂಜಿನ್‌ಗಳಲ್ಲಿ ವಾಲ್ವ್‌ಗಳು (ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲುಗಳು) ಹೆಡ್ಡಿನಲ್ಲಿ, ಪಿಸ್ಟನ್ ಮೇಲ್ಗಡೆ ಇರುತ್ತವೆ. ಫ್ಲಾಟ್‌ಹೆಡ್‌ನಲ್ಲಿ ಅವು ಬ್ಲಾಕಿನೊಳಗೆ, ಅಂದರೆ ಎಂಜಿನ್ನಿನ ಮುಖ್ಯ ಒಡಲಿನೊಳಗೆ, ಸಿಲಿಂಡರಿನ ಪಕ್ಕದಲ್ಲಿ ನಿಂತಿರುತ್ತವೆ. ಹೆಡ್ ಅಂದರೆ ಚಪ್ಪಟೆ ಮುಚ್ಚಳ, ಅಷ್ಟೇ. ತಯಾರಿಸಲು ಸುಲಭ. ಆದರೆ ಎರಡು ತೊಂದರೆ. ಒಂದು, ಬಿಸಿ. ವಾಲ್ವ್‌ಗಳಿರುವುದು ವಿ ಆಕಾರದ ಒಳಮಗ್ಗುಲಲ್ಲಿ, ಎಕ್ಸಾಸ್ಟ್ (ಉರಿದ ಅನಿಲ) ಹೊರಬೀಳುವುದು ಹೊರಮಗ್ಗುಲಲ್ಲಿ. ಅಡುಗೆಮನೆಯ ಹೊಗೆ ನಡುಮನೆ ದಾಟಿ ಬೀದಿಗೆ ಹೋದ ಹಾಗೆ, ಸುಡುವ ಅನಿಲ ಬ್ಲಾಕಿನೊಳಗೇ ಸಾಗಿ ಹೊರಗೆ ಬರಬೇಕು. ದಾರಿಯಲ್ಲಿ ತಂಪಾಗಿಸುವ ನೀರನ್ನೆಲ್ಲ ಕಾಯಿಸುತ್ತದೆ. ಜೊತೆಗೆ, ಒಂದು ಬದಿಯ ನಾಲ್ಕು ಸಿಲಿಂಡರಿಗೆ ಮೂರೇ ದಾರಿ. ನಡುವಿನ ಎರಡಕ್ಕೂ ಸೇರಿ ಒಂದು.

ಎರಡನೆಯದು ಉಸಿರಾಟ. ಹೆಡ್ಡನ್ನು ಸವರಿ ಒಳಗಿನ ಜಾಗ ಕಿರಿದು ಮಾಡಿದರೆ ಕಂಪ್ರೆಷನ್, ಅಂದರೆ ಉರಿಯುವ ಮುನ್ನ ಮಿಶ್ರಣವನ್ನು ಒತ್ತುವ ಪ್ರಮಾಣ, ಏರುತ್ತದೆ. ಮೊದಲ ವಿ8ನಲ್ಲಿ ಅದು ಬರೀ 5.5 ಪಟ್ಟು ಇತ್ತು, ಏರಿಸಲು ಅವಕಾಶವೂ ಇತ್ತು. ಆದರೆ ಪೆಟ್ರೋಲ್ ಬೆರೆತ ಗಾಳಿ ವಾಲ್ವ್‌ನಿಂದ ಸಿಲಿಂಡರಿಗೆ ಹೋಗುವುದೂ ಅದೇ ಕಿರಿದಾದ ಜಾಗದಿಂದ. ಅತಿಯಾಗಿ ಸವರಿದರೆ ಎಂಜಿನ್‌ನ ಉಸಿರು ಕಟ್ಟುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಆ ಕಾಲದ ನಿಜವಾದ ವಿದ್ಯೆ. ಅವರಲ್ಲಿ ಹೆಚ್ಚಿನವರು ಅದನ್ನು ಕಲಿತದ್ದು ಲೇತ್ ಮತ್ತು ಫೈಲ್ ಹಿಡಿದು. ಹಾಟ್ ರಾಡ್ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಕಡೆಯಿಂದ ಬಂದ ಉತ್ತರ ವಿಕ್ ಎಡೆಲ್‌ಬ್ರಾಕ್ ಅವರದು. 1938ರಲ್ಲಿ ಅವರು ಒಂದು 1932ರ ರೋಡ್‌ಸ್ಟರ್ ಕೊಂಡರು. ಸಿಗುತ್ತಿದ್ದ ಮ್ಯಾನಿಫೋಲ್ಡ್ (ಆ ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ) ಸಾಲದು ಅನ್ನಿಸಿ, ಎರಡು ಕಾರ್ಬುರೇಟರ್ ಕೂರುವ ಸ್ಲಿಂಗ್‌ಶಾಟ್ ಎಂಬ ಮ್ಯಾನಿಫೋಲ್ಡ್ ತಾವೇ ರೂಪಿಸಿದರು. 1941ರಲ್ಲಿ ರೋಸಮಂಡ್ ಕೆರೆಯಲ್ಲಿ ಆ ಕಾರು ಗಂಟೆಗೆ 121.42 ಮೈಲಿ ಓಡಿತು. ನಮ್ಮ ಲೆಕ್ಕದಲ್ಲಿ 195 ಕಿಲೋಮೀಟರ್! ವಾಲ್ವ್‌ಗಳನ್ನು ತೆರೆಸುವ ದಂಡ, ಅಂದರೆ ಕ್ಯಾಮ್‌ಶಾಫ್ಟ್ ಕಡೆ ಎಡ್ ವಿನ್‌ಫೀಲ್ಡ್ ಹಿರಿಯರು. ಅವರಿಂದ ಪ್ರಭಾವಿತರಾದ ಎಡ್ ಇಸ್ಕೆಂಡೇರಿಯನ್ ಯುದ್ಧದ ನಂತರ ಹಳೆಯ ಗ್ರೈಂಡಿಂಗ್ ಯಂತ್ರವೊಂದನ್ನು ಮಾರ್ಪಡಿಸಿ ಕ್ಯಾಮ್ ಅರೆಯಲು ಶುರು ಮಾಡಿದರು.

ಯುದ್ಧ, ಆಮೇಲೆ

ಎರಡನೇ ಮಹಾಯುದ್ಧ ಓಟಗಳನ್ನು ನಿಲ್ಲಿಸಿತು. ಮ್ಯೂರಾಕ್ ಸೇನೆಯ ಪಾಲಾಯಿತು, ಇಂದು ಅದು ಎಡ್ವರ್ಡ್ಸ್ ವಾಯುನೆಲೆ. ಹುಡುಗರು ಸೇನೆ ಸೇರಿದರು. ಈ ವರ್ಷಗಳಲ್ಲಿ ಬಂಧ ಕಳಚದಂತೆ ಉಳಿಸಿದವರು ವೇದಾ ಓರ್ (Veda Orr). ಸಂಘದ ಓಟಗಳಲ್ಲಿ ಸ್ವತಃ ಕಾರು ಓಡಿಸಿದ್ದ ಹೆಣ್ಣುಮಗಳು. ದೂರದ ರಣರಂಗಗಳಲ್ಲಿದ್ದ ಹುಡುಗರಿಗೆ ಸುದ್ದಿಪತ್ರ ಕಳಿಸುತ್ತಿದ್ದರು. ಇವರ ಹೆಸರನ್ನು ಬಿಟ್ಟು ಈ ಪಾಠ ಓದಬೇಡಿ.

ವಾಪಸ್ ಬಂದವರು ಹೊಸ ಯೋಚನೆಗಳನ್ನೂ ತಂದರು. ಬಿಲ್ ಬರ್ಕ್ ಯುದ್ಧವಿಮಾನದ ಹೊಟ್ಟೆಯ ಕೆಳಗೆ ತೂಗುವ ಇಂಧನ ಟ್ಯಾಂಕ್ ಕಂಡಿದ್ದರು. ಗಾಳಿ ಸೀಳುವ ಆಕಾರ ಸಿದ್ಧವಾಗಿಯೇ ಇದೆ, ಸುಮ್ನೆ ಯಾಕೆ ತಗಡು ಬಡಿಯಬೇಕು? 1946ರಲ್ಲಿ ಆ ಟ್ಯಾಂಕನ್ನೇ ಕಾರಿನ ಮೈ ಮಾಡಿದರು. ಅದೇ ವರ್ಷ ಅಲೆಕ್ಸ್ ಜೈಡಿಯಸ್ ಬರ್ಬ್ಯಾಂಕ್‌ನಲ್ಲಿ ಸೋ-ಕ್ಯಾಲ್ ಸ್ಪೀಡ್ ಶಾಪ್ ಎಂಬ, ವೇಗದ ಬಿಡಿಭಾಗಗಳ ಅಂಗಡಿ ತೆರೆದರು. 1948ರಲ್ಲಿ ರಾಬರ್ಟ್ ಪೀಟರ್ಸನ್ ಮತ್ತು ರಾಬರ್ಟ್ ಲಿಂಡ್ಸೆ ಹಾಟ್ ರಾಡ್ ಪತ್ರಿಕೆ ಶುರು ಮಾಡಿದರು. 1949ರಲ್ಲಿ ಯೂಟಾದ ಬಾನೆವಿಲ್ ಉಪ್ಪಿನ ಬಯಲಿನಲ್ಲಿ ಮೊದಲ ಸ್ಪೀಡ್ ವೀಕ್ ನಡೆಯಿತು.

ಅಂದಕ್ಕೆ ಬಹುಮಾನ

1950ರಲ್ಲಿ ಓಕ್ಲೆಂಡ್‌ನ ಪ್ರದರ್ಶನ ಅಮೆರಿಕದ ಅತಿ ಸುಂದರ ರೋಡ್‌ಸ್ಟರ್ ಎಂಬ ಬಹುಮಾನ ಇಟ್ಟಿತು. ಗೆದ್ದದ್ದು ಬಿಲ್ ನೀಕಾಂಪ್ ಅವರ 1929ರ ಫೋರ್ಡ್. ಸುಂದರಿ ಎನಿಸಿಕೊಂಡ ಆ ಕಾರು 1952ರಲ್ಲಿ ಎಲ್ ಮಿರಾಜ್‌ನಲ್ಲಿ 142 ಮೈಲಿ ವೇಗವನ್ನೂ ಮುಟ್ಟಿತು. ಡೋನ್ ಸ್ಪೆನ್ಸರ್ ಅವರ 1932ರ ರೋಡ್‌ಸ್ಟರ್ ಕೂಡ ಇಂಥದ್ದೇ. 1947ರಲ್ಲಿ ಪಾಸಡೀನಾ ಕ್ಲಬ್ಬಿನ ಓಟದಲ್ಲಿ ಅಂದಕ್ಕಾಗಿ ಬಹುಮಾನ ಪಡೆಯಿತು. 1997ರಲ್ಲಿ ಹಳೆಯ ಬೆಲೆಬಾಳುವ ಕಾರುಗಳಿಗೆ ಹೆಸರಾದ ಪೆಬಲ್ ಬೀಚ್ ಪ್ರದರ್ಶನ ಮೊದಲ ಬಾರಿಗೆ ಹಾಟ್ ರಾಡ್‌ಗಳನ್ನು ಒಳಗೆ ಬಿಟ್ಟಾಗ ಆ ವಿಭಾಗವನ್ನೂ ಇದೇ ಗೆದ್ದಿತು. ಒಂದು ಮೊಳೆಯೂ ದಂಡವಿಲ್ಲದ ಇಂಥ ಕಾರುಗಳೇ ನನ್ನ ಕಣ್ಣಿಗೆ ಹೆಚ್ಚು ಚೆಂದ. ಆಮೇಲೆ ದಾರಿ ಕವಲೊಡೆಯಿತು. ಕೆಲವರು ಪ್ರದರ್ಶನಕ್ಕೆಂದೇ ಕಾರು ಕಟ್ಟಿದರು. ಇನ್ನು ಕೆಲವರು ಡ್ರ್ಯಾಗ್ ಓಟದ, ಅಂದರೆ ನೇರ ದಾರಿಯಲ್ಲಿ ಅಲ್ಪ ದೂರದ ಓಟದ ಕಡೆ ಹೋದರು. 1950ರಲ್ಲಿ ಸಾಂತಾ ಆನಾ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಅದು ನಿಯಮಿತವಾಗಿ ಶುರುವಾಗಿತ್ತು.

ಫೋರ್ಡ್ ಅಮೆರಿಕದ ತನ್ನ ಕಾರುಗಳಲ್ಲಿ ಫ್ಲಾಟ್‌ಹೆಡ್ ಬಳಸಿದ್ದು 1953ರವರೆಗೆ. 1955ರಲ್ಲಿ ಶೆವ್ರೊಲೆಟ್ ಹೊಸ ವಿ8 ತಂದಿತು. 265 ಘನ ಅಂಗುಲ, ವಾಲ್ವ್‌ಗಳು ಹೆಡ್ಡಿನಲ್ಲೇ, ಕಾರ್ಖಾನೆಯಿಂದ ಬರುವಾಗಲೇ 162 ಅಶ್ವಶಕ್ತಿ. ಬ್ಲಾಕ್ ಕೊರೆದು, ಹೆಡ್ ಸವರಿ ಫ್ಲಾಟ್‌ಹೆಡ್‌ನಿಂದ ಹಿಂಡುತ್ತಿದ್ದ ಶಕ್ತಿ ಇಲ್ಲಿ ಹಾಗೇ ಸಿಗುತ್ತಿತ್ತು. ಹಳೆಯ ಫೋರ್ಡ್ ಬಾಡಿಗೆ ಶೆವ್ರೊಲೆಟ್ ಎಂಜಿನ್ ಕೂರಿಸುವುದೇ ಬರಬರುತ್ತ ರೂಢಿಯಾಯಿತು.